ಒಂದೇ ಕ್ರಿಯೆಗೆ ಎಷ್ಟು ಹೆಸರು? ರಾಸಾಯನಿಕ ಕ್ರಿಯೆಗಳ ವಿಧಗಳ ಬಗ್ಗೆ ಸ್ವಲ್ಪ ಬಿಡಿಸಿ ಹೇಳಿ

ಹತ್ತನೇ ಕ್ಲಾಸಿನ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ವಿಜ್ಞಾನದ ಮೊದಲ ಪಾಠದಲ್ಲೇ ನಾವಿಬ್ಬರೂ ಸಿಕ್ಕಿಬಿದ್ದಿದ್ದೇವೆ. ಸಂಯೋಗ, ವಿಭಜನೆ, ಸ್ಥಾನಪಲ್ಲಟ, ದ್ವಿಸ್ಥಾನಪಲ್ಲಟ ಅಂತ ನಾಲ್ಕು ವಿಧ. ಅಷ್ಟೇ ಆಗಿದ್ದರೆ ಹೇಗೋ ಆಗುತ್ತಿತ್ತು. ನಡುವೆ ಬಹಿರುಷ್ಣಕ, ಅಂತರುಷ್ಣಕ ಬರುತ್ತದೆ. ಕೊನೆಗೆ ಉತ್ಕರ್ಷಣ, ಅಪಕರ್ಷಣ.

ಕಿರುಪರೀಕ್ಷೆಯಲ್ಲಿ ಒಂದು ಪ್ರಶ್ನೆ: ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ನಡೆಯುವುದು ಯಾವ ವಿಧದ ಕ್ರಿಯೆ? ಇವಳು ಬಹಿರುಷ್ಣಕ ಎಂದು ಬರೆದಳು. ಅಡ್ಡಗೀಟು ಬಿತ್ತು. ಸಂಯೋಗ ಎಂದು ಬರೆಯಬೇಕಿತ್ತಂತೆ. ಪುಸ್ತಕ ತೆಗೆದು ನೋಡಿದರೆ ಅದೇ ಕ್ರಿಯೆಯಲ್ಲಿ ಶಾಖ ಬಿಡುಗಡೆಯಾಗುತ್ತದೆ ಎಂದೂ ಇದೆ! ಮೆಗ್ನೀಷಿಯಂ ಪಟ್ಟಿ ಉರಿಸುವುದಂತೂ ಸಂಯೋಗ, ದಹನ, ಉತ್ಕರ್ಷಣ, ಬಹಿರುಷ್ಣಕ, ಎಲ್ಲವೂ ಹೌದಂತೆ.

ನಾನು ಓದಿದ್ದು ಬಿಕಾಂ. ಒಂದು ಕ್ರಿಯೆ ಒಂದು ವಿಧಕ್ಕೆ ಸೇರಬೇಕಲ್ವಾ? ಎಲ್ಲ ಕಡೆ ಸೇರಿದರೆ ವಿಧ ಅಂತ ಮಾಡಿದ್ದಾದರೂ ಯಾಕೆ?

ಪಿಯು ಸೈನ್ಸ್

ಎರಡೂ ಸರಿ ಆಂಟಿ. ನಮಗೂ ಹಾಗೇ ಆಗಿತ್ತು. ಸುಮ್ನೆ ಎರಡನ್ನೂ ಬರೆಯೋಕೆ ಹೇಳಿ, ಮಾರ್ಕ್ಸ್ ಕೊಡ್ತಾರೆ.

ಟ್ಯೂಷನ್ ಅಣ್ಣ

ನಾನು ಮಕ್ಕಳಿಗೆ ಬಸ್ಸಿನ ಸೀಟು ಹೇಳಿ ಕೊಡುತ್ತೇನೆ. ಖಾಲಿ ಸೀಟಲ್ಲಿ ಇಬ್ಬರು ಬಂದು ಒಟ್ಟಿಗೆ ಕೂತರೆ ಸಂಯೋಗ. ಕೂತವರು ಎದ್ದು ಬೇರೆಯಾದರೆ ವಿಭಜನೆ. ಗಟ್ಟಿಗ ಒಬ್ಬ ಬಂದು ಕೂತವನನ್ನು ಎಬ್ಬಿಸಿ ತಾನು ಕೂತರೆ ಸ್ಥಾನಪಲ್ಲಟ. ಎರಡು ಸೀಟಿನವರು ಜೊತೆಗಾರರನ್ನು ಅದಲುಬದಲು ಮಾಡಿಕೊಂಡರೆ ದ್ವಿಸ್ಥಾನಪಲ್ಲಟ. ಪರೀಕ್ಷೆಗೆ ಇಷ್ಟು ಸಾಕು. ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ ಮೇಡಂ.

ನಿವೃತ್ತ ಮೇಷ್ಟ್ರು

ಬಸ್ಸಿನ ಸೀಟು ಚೆನ್ನಾಗಿದೆ ತಮ್ಮಾ. ಆದರೆ ಗಟ್ಟಿಗ ಯಾಕೆ ಗಟ್ಟಿಗ ಎಂಬುದನ್ನು ಅದು ಹೇಳುವುದಿಲ್ಲ. ಆ ಅಮ್ಮ ಕೇಳುತ್ತಿರುವುದಕ್ಕೂ ಉತ್ತರ ಸಿಗಲಿಲ್ಲ.

ಅಮ್ಮಾ, ನಿಮ್ಮ ಗೊಂದಲ ಎಲ್ಲಿಂದ ಬಂತು ಅಂದರೆ, ಪುಸ್ತಕ ಮೂರು ಬೇರೆ ಬೇರೆ ಪ್ರಶ್ನೆಗಳ ಉತ್ತರವನ್ನು ಒಂದೇ ಪಾಠದಲ್ಲಿ ಒಂದರ ಹಿಂದೆ ಒಂದು ಇಟ್ಟಿದೆ. ಓದುವವರಿಗೆ ಏಳು ವಿಧ ಇದ್ದ ಹಾಗೆ ಕಾಣುತ್ತದೆ. ಹಾಗಲ್ಲ.

ಮೊದಲ ಪ್ರಶ್ನೆ, ಯಾರು ಯಾರ ಜೊತೆ ಸೇರಿದರು, ಯಾರು ಬಿಟ್ಟರು? ಅದಕ್ಕೆ ಉತ್ತರ ಸಂಯೋಗ, ವಿಭಜನೆ, ಸ್ಥಾನಪಲ್ಲಟ, ದ್ವಿಸ್ಥಾನಪಲ್ಲಟ. ಎರಡನೆಯದು, ಶಾಖ ಹೊರಗೆ ಬಂತೋ ಒಳಗೆ ಹೋಯಿತೋ? ಅದಕ್ಕೆ ಬಹಿರುಷ್ಣಕ, ಅಂತರುಷ್ಣಕ. ಮೂರನೆಯದು, ಎಲೆಕ್ಟ್ರಾನು ಕೈ ಬದಲಾಯಿಸಿತೋ ಇಲ್ಲವೋ? ಬದಲಾಗಿದ್ದರೆ ಉತ್ಕರ್ಷಣ (ಎಲೆಕ್ಟ್ರಾನು ಬಿಡುವುದು), ಅಪಕರ್ಷಣ (ಎಲೆಕ್ಟ್ರಾನು ಪಡೆಯುವುದು), ಎರಡೂ ಸೇರಿ ರೆಡಾಕ್ಸ್. ಇಲ್ಲದಿದ್ದರೆ ಅಲ್ಲ.

ಯಾವ ಕ್ರಿಯೆಯನ್ನೇ ತಗೊಳ್ಳಿ, ಮೂರೂ ಪ್ರಶ್ನೆ ಕೇಳಬಹುದು. ಸುಣ್ಣಕ್ಕೆ ನೀರು ಹಾಕಿದ್ದು ಮೊದಲ ಪ್ರಶ್ನೆಗೆ ಸಂಯೋಗ. ಎರಡನೆಯದಕ್ಕೆ ಬಹಿರುಷ್ಣಕ. ಮೂರನೆಯದಕ್ಕೆ, ಇಲ್ಲ, ಎಲೆಕ್ಟ್ರಾನು ಕದಲಿಲ್ಲ. ಮೆಗ್ನೀಷಿಯಂ ಉರಿದದ್ದು ಸಂಯೋಗ, ಬಹಿರುಷ್ಣಕ, ಮತ್ತು ಹೌದು, ರೆಡಾಕ್ಸ್. ದಹನ ಅನ್ನುವುದು ಇದರಿಂದ ಬೇರೆಯಾದ ಇನ್ನೊಂದು ವಿಧ ಅಲ್ಲ. ಆಮ್ಲಜನಕದ ಜೊತೆ ಬೆಂಕಿ, ಬೆಳಕು ಕೊಟ್ಟು ನಡೆಯುವ ರೆಡಾಕ್ಸಿಗೆ ನಾವು ಕರೆಯುವ ಹೆಸರು.

ಮಗಳ ಉತ್ತರ ತಪ್ಪಲ್ಲ. ಪ್ರಶ್ನೆ ಸಡಿಲವಾಗಿತ್ತು. ಬೋರ್ಡ್ ಪರೀಕ್ಷೆಯಲ್ಲಿ ಸುಮ್ಮನೆ ವಿಧ ಎಂದು ಕೇಳಿದರೆ ಮೊದಲ ಪ್ರಶ್ನೆಯ ಉತ್ತರವನ್ನೇ ಬರೆಯಲಿ. ಪಕ್ಕದಲ್ಲಿ ಕಾರಣವನ್ನೂ ಒಂದು ಸಾಲು ಬರೆಯಲಿ: ಎರಡು ವಸ್ತು ಸೇರಿ ಒಂದೇ ಉತ್ಪನ್ನ ಉಂಟಾಗಿದೆ.

ಹತ್ತನೇ ಕ್ಲಾಸಿನ ಅಮ್ಮ

ಮೇಷ್ಟ್ರೇ, ಈಗ ಸ್ವಲ್ಪ ಬೆಳಕು ಬಿತ್ತು. ಆದರೆ ಮೂರನೇ ಪ್ರಶ್ನೆ ಹಿಡಿಯೋದು ಹೇಗೆ? ಎಲೆಕ್ಟ್ರಾನು ಕಣ್ಣಿಗೆ ಕಾಣೋಲ್ಲ. ಪುಸ್ತಕದಲ್ಲಿ ಆಕ್ಸಿಜನ್ ಸೇರಿದರೆ ಉತ್ಕರ್ಷಣ, ಕಳೆದುಕೊಂಡರೆ ಅಪಕರ್ಷಣ ಅಂತಿದೆ. ಸುಣ್ಣಕ್ಕೆ ನೀರು ಹಾಕಿದಾಗಲೂ ನೀರಿನ ಆಕ್ಸಿಜನ್ ಬಂದು ಸೇರಿತಲ್ಲ?

ಲ್ಯಾಬ್ ಕೋಟು

ಒಳ್ಳೆ ಪ್ರಶ್ನೆ ಅಕ್ಕ. ಆ ಆಕ್ಸಿಜನ್ ಒಂಟಿಯಾಗಿ ಬರಲಿಲ್ಲ. ನೀರಿನ ಒಳಗೆ ಹೈಡ್ರೋಜನ್ ಜೊತೆ ಹೇಗಿತ್ತೋ, ಅದೇ ಲೆಕ್ಕದಲ್ಲೇ ಉಳಿಯಿತು. ಕ್ಯಾಲ್ಸಿಯಂ ಮೊದಲೂ ಎರಡು ಧನ ಆವೇಶದ ಅಯಾನು, ಅಂದರೆ ಎರಡು ಎಲೆಕ್ಟ್ರಾನು ಬಿಟ್ಟುಕೊಟ್ಟ ಪರಮಾಣು, ಆಮೇಲೂ ಅದೇ. ಯಾರ ಖಾತೆಯಲ್ಲೂ ಏರುಪೇರಿಲ್ಲ.

ಹತ್ತನೇ ಕ್ಲಾಸಿಗೆ ಒಂದು ಸುಲಭ ಗುರುತು ಹೇಳುತ್ತೇನೆ. ಸಮೀಕರಣದ ಒಂದು ಕಡೆ ಯಾವುದಾದರೂ ಧಾತು ಒಂಟಿಯಾಗಿದೆಯಾ ನೋಡಿ: ಮೆಗ್ನೀಷಿಯಂ, ಕಬ್ಬಿಣ, ಆಕ್ಸಿಜನ್, ಕ್ಲೋರಿನ್, ಹೀಗೆ. ಇನ್ನೊಂದು ಕಡೆ ಅದೇ ಧಾತು ಸಂಯುಕ್ತದ ಒಳಗೆ ಹೋಗಿದ್ದರೆ ಅದು ಖಂಡಿತ ರೆಡಾಕ್ಸ್. ಮಗಳು ಇದೊಂದರಲ್ಲೇ ಪುಸ್ತಕದ ಮುಕ್ಕಾಲು ಉದಾಹರಣೆ ಬಿಡಿಸುತ್ತಾಳೆ.

ಈ ಗುರುತಿನಿಂದ ನೇರವಾಗಿ ಸಿಗುವುದು ಏನೆಂದರೆ, ಸ್ಥಾನಪಲ್ಲಟ ಯಾವಾಗಲೂ ರೆಡಾಕ್ಸ್. ಒಂಟಿ ಲೋಹ ಒಳಗೆ ಹೋಗುತ್ತದೆ, ಇನ್ನೊಂದು ಒಂಟಿಯಾಗಿ ಹೊರಗೆ ಬರುತ್ತದೆ. ದ್ವಿಸ್ಥಾನಪಲ್ಲಟ ಯಾವತ್ತೂ ರೆಡಾಕ್ಸ್ ಅಲ್ಲ. ಅಯಾನುಗಳು ಜೊತೆ ಬದಲಾಯಿಸುತ್ತವೆ, ಆವೇಶ ಹಾಗೇ ಇರುತ್ತದೆ. ಸಂಯೋಗ ಮತ್ತು ವಿಭಜನೆ ಮಾತ್ರ ಹಾಗೂ ಇರಬಹುದು, ಹೀಗೂ ಇರಬಹುದು.

ಆದರೆ ಗುರುತು ಒಂದೇ ದಿಕ್ಕಿಗೆ ಕೆಲಸ ಮಾಡುತ್ತದೆ. ಒಂಟಿ ಧಾತು ಕಾಣಲಿಲ್ಲ ಅಂತ ರೆಡಾಕ್ಸ್ ಅಲ್ಲ ಎನ್ನಬೇಡಿ. ಫೆರಸ್ ಸಲ್ಫೇಟ್ ಕಾಯಿಸುವ ಪ್ರಯೋಗ ಇದೆಯಲ್ಲ, ಹಸಿರು ಹರಳು ಮೊದಲು ನೀರು ಕಳೆದುಕೊಂಡು ಬೆಳ್ಳಗಾಗಿ, ಆಮೇಲೆ ಕಂದಾಗುವುದು. ಗಂಧಕ ಸುಟ್ಟ ಘಾಟು ಬರುತ್ತದೆ.

ಫೆರಸ್ ಸಲ್ಫೇಟ್ → ಫೆರಿಕ್ ಆಕ್ಸೈಡ್ + ಗಂಧಕದ ಡೈ ಆಕ್ಸೈಡ್ + ಗಂಧಕದ ಟ್ರೈ ಆಕ್ಸೈಡ್

ಇಲ್ಲಿ ಒಂಟಿ ಧಾತು ಎಲ್ಲೂ ಇಲ್ಲ. ಆದರೂ ಎಲೆಕ್ಟ್ರಾನಿನ ಲೆಕ್ಕದಲ್ಲಿ, ಅಂದರೆ ಉತ್ಕರ್ಷಣ ಸಂಖ್ಯೆಯಲ್ಲಿ, ಕಬ್ಬಿಣ ಎರಡರಿಂದ ಮೂರಕ್ಕೆ ಏರಿತು, ಒಂದು ಗಂಧಕ ಆರರಿಂದ ನಾಲ್ಕಕ್ಕೆ ಇಳಿಯಿತು. ವಿಭಜನೆ ಹೌದು, ರೆಡಾಕ್ಸೂ ಹೌದು.

ತೋಟದ ಮನೆ

ನಾನು ಕೆಮಿಸ್ಟ್ರಿಯವನಲ್ಲ, ಅಡಿಕೆ ಬೆಳೆಯುವವನು. ಆದರೆ ಮೇಲೆ ಸುಣ್ಣ ಅಂತ ಬಂದಿದ್ದಕ್ಕೆ ಕೇಳುತ್ತಿದ್ದೇನೆ. ಮಳೆಗಾಲದ ಮೊದಲು ನಾವು ಕೊಳೆ ಔಷಧ ಹೊಡೆಯುತ್ತೇವೆ. ಬೋರ್ಡೋ ದ್ರಾವಣ. ಒಂದು ಕೆಜಿ ಮೈಲುತುತ್ತವನ್ನು 50 ಲೀಟರ್ ನೀರಲ್ಲಿ ಕರಗಿಸಬೇಕು. ಒಂದು ಕೆಜಿ ಸುಣ್ಣವನ್ನು ಬೇರೆ 50 ಲೀಟರ್ ನೀರಲ್ಲಿ ಕಲಸಿ ಸೋಸಬೇಕು. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಹೊಯ್ಯುತ್ತಾ ಕೋಲಿನಿಂದ ತಿರುಗಿಸುತ್ತಾ ಇರಬೇಕು. ಉಲ್ಟಾ ಹೊಯ್ದರೆ ಸರಿ ಬರೋದಿಲ್ಲ. ಗಾಢ ನೀಲಿ ಹೋಗಿ ಆಕಾಶದ ಬಣ್ಣದ, ಹಾಲಿನ ಹಾಗೆ ದಪ್ಪನೆಯ ದ್ರಾವಣ ಆಗುತ್ತದೆ.

ನಮ್ಮ ತಂದೆ ಕಾಲದಿಂದ ಒಂದು ಪರೀಕ್ಷೆ ಇದೆ. ಚೆನ್ನಾಗಿ ಮಸೆದ, ತುಕ್ಕಿಲ್ಲದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ಹಿಡಿಯುವುದು. ತೆಗೆದಾಗ ಅಲಗು ಬೆಳ್ಳಗೆ ಹೊಳೆಯುತ್ತಿದ್ದರೆ ಔಷಧ ಸರಿ. ಕೆಂಪು-ಕಂದು ಮೆತ್ತಿಕೊಂಡಿದ್ದರೆ ಸುಣ್ಣ ಸಾಲದು. ಇನ್ನಷ್ಟು ಸುಣ್ಣದ ನೀರು ಹಾಕಿ ಮತ್ತೆ ಅದ್ದಿ ನೋಡುತ್ತೇವೆ. ಹಾಗೇ ಹೊಡೆದರೆ ಎಲೆ, ಮಿಡಿ ಸುಡುತ್ತದೆ.

ಆ ಕಂದು ತುಕ್ಕು ಅಂತ ಕೆಲವರು ಹೇಳುತ್ತಾರೆ. ಎರಡು ನಿಮಿಷಕ್ಕೆ ತುಕ್ಕು ಹಿಡಿಯುತ್ತದಾ? ಇದು ನಿಮ್ಮ ಯಾವ ವಿಧ?

ಲ್ಯಾಬ್ ಕೋಟು

ಅಣ್ಣಾ, ಅದು ತುಕ್ಕಲ್ಲ, ತಾಮ್ರ! ಅಪ್ಪಟ ತಾಮ್ರದ ಪದರ. ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ಕಬ್ಬಿಣದ ಮೊಳೆಯನ್ನು ತಾಮ್ರದ ಸಲ್ಫೇಟ್, ಅಂದರೆ ನಿಮ್ಮ ಮೈಲುತುತ್ತದ, ದ್ರಾವಣದಲ್ಲಿ ಇಳಿಬಿಡುವ ಚಟುವಟಿಕೆ ಇದೆ. ನೀವು ಅದನ್ನೇ ಕತ್ತಿಯಲ್ಲಿ ಮಾಡುತ್ತಿದ್ದೀರಿ.

ಕಬ್ಬಿಣ + ತಾಮ್ರದ ಸಲ್ಫೇಟ್ → ಫೆರಸ್ ಸಲ್ಫೇಟ್ + ತಾಮ್ರ

ಇದು ಸ್ಥಾನಪಲ್ಲಟ. ಕಬ್ಬಿಣ ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲ. ಅಂದರೆ ಎಲೆಕ್ಟ್ರಾನು ಬಿಟ್ಟುಕೊಡಲು ಅದಕ್ಕೆ ಆತುರ ಜಾಸ್ತಿ. ಕತ್ತಿಯ ಮೇಲ್ಮೈಯ ಕಬ್ಬಿಣದ ಪರಮಾಣು ಎರಡು ಎಲೆಕ್ಟ್ರಾನು ಕೊಟ್ಟು ನೀರಿಗೆ ಇಳಿಯುತ್ತದೆ. ನೀರಲ್ಲಿದ್ದ ತಾಮ್ರದ ಅಯಾನು ಆ ಎರಡನ್ನೂ ತೆಗೆದುಕೊಂಡು ಲೋಹವಾಗಿ ಅಲಗಿಗೆ ಅಂಟುತ್ತದೆ. ಗಟ್ಟಿಗ ಯಾಕೆ ಗಟ್ಟಿಗ ಎಂದು ಮೇಷ್ಟ್ರು ಕೇಳಿದ್ದಕ್ಕೆ ಉತ್ತರವೂ ಇದೇ.

ಈಗ ಔಷಧ ಕಲಸುವ ಡ್ರಮ್ಮಿನ ವಿಷಯಕ್ಕೆ ಬನ್ನಿ. ನೀರಲ್ಲಿ ಅರಳಿದ ಸುಣ್ಣ ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್.

ತಾಮ್ರದ ಸಲ್ಫೇಟ್ + ಕ್ಯಾಲ್ಸಿಯಂ ಹೈಡ್ರಾಕ್ಸೈಡ್ → ತಾಮ್ರದ ಹೈಡ್ರಾಕ್ಸೈಡ್ + ಕ್ಯಾಲ್ಸಿಯಂ ಸಲ್ಫೇಟ್

ಇದು ದ್ವಿಸ್ಥಾನಪಲ್ಲಟ. ತಾಮ್ರದ ಹೈಡ್ರಾಕ್ಸೈಡ್ ನೀರಲ್ಲಿ ಕರಗುವುದಿಲ್ಲ, ಪ್ರಕ್ಷೇಪವಾಗಿ ಕೂರುತ್ತದೆ. ನಿಜವಾದ ಬೋರ್ಡೋದಲ್ಲಿ ಇಷ್ಟು ಸರಳ ಇಲ್ಲ, ಹೈಡ್ರಾಕ್ಸೈಡ್ ಮತ್ತು ಸಲ್ಫೇಟ್ ಎರಡೂ ಸೇರಿಕೊಂಡ ತಾಮ್ರದ ಸಂಯುಕ್ತಗಳೂ ಆಗುತ್ತವೆ. ಆದರೆ ಮುಖ್ಯ ವಿಷಯ ಅದೇ. ತಾಮ್ರ ನೀರಿನಿಂದ ಪ್ರಕ್ಷೇಪಕ್ಕೆ ಹೋಯಿತು. ಸುಣ್ಣ ಸಾಕಷ್ಟಿದ್ದರೆ ನೀರಲ್ಲಿ ಬಿಡಿ ತಾಮ್ರದ ಅಯಾನು ಉಳಿಯುವುದೇ ಇಲ್ಲ ಅನ್ನಬಹುದು. ಕತ್ತಿಯಿಂದ ಎಲೆಕ್ಟ್ರಾನು ತೆಗೆದುಕೊಳ್ಳಲು ಯಾರೂ ಇಲ್ಲ. ಅದಕ್ಕೇ ಅಲಗು ಹೊಳೆಯುತ್ತಲೇ ಇರುತ್ತದೆ. ಸುಣ್ಣ ಕಮ್ಮಿಯಾದರೆ ಬಿಡಿ ತಾಮ್ರ ಉಳಿಯುತ್ತದೆ. ಎಲೆಯನ್ನು ಸುಡುವುದೂ ಅದೇ, ಕತ್ತಿಗೆ ಮೆತ್ತುವುದೂ ಅದೇ.

ಒಂದು ವಿಧದ ಕ್ರಿಯೆ ಪೂರ್ತಿಯಾಯಿತಾ ಎಂದು ನೋಡಲು ಇನ್ನೊಂದು ವಿಧದ ಕ್ರಿಯೆಯನ್ನು ಬಳಸುತ್ತಿದ್ದೀರಿ ಅಣ್ಣ. ನಮ್ಮ ಲ್ಯಾಬಿನಲ್ಲಿ ಇದಕ್ಕೆ ದುಡ್ಡು ಕೊಟ್ಟು ಪಟ್ಟಿ ತರಿಸುತ್ತಾರೆ.

ನಿವೃತ್ತ ಮೇಷ್ಟ್ರು

ಭೇಷ್. ಈ ಡ್ರಮ್ಮಿನಲ್ಲಿ ಇನ್ನೂ ಇದೆ. ಸುಣ್ಣ ಎಲ್ಲಿಂದ ಬಂತು ನೋಡಿ. ಗೂಡಿನಲ್ಲಿ ಸುಣ್ಣದ ಕಲ್ಲು ಸುಟ್ಟಿದ್ದು ವಿಭಜನೆ, ಹೆಚ್ಚುಕಮ್ಮಿ 900 ಡಿಗ್ರಿ ಸೆಲ್ಸಿಯಸ್ ಬೇಕು. 100 ಗ್ರಾಂ ಶುದ್ಧ ಕಲ್ಲಿನಿಂದ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ, 44 ಗ್ರಾಂ ಕಾರ್ಬನ್ ಡೈ ಆಕ್ಸೈಡ್ ಹಾರಿಹೋಗುತ್ತದೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿ ಅರಳಿಸಿದ್ದು ಸಂಯೋಗ. ಮೈಲುತುತ್ತಕ್ಕೆ ಕಲಸಿದ್ದು ದ್ವಿಸ್ಥಾನಪಲ್ಲಟ. ಕತ್ತಿ ಅದ್ದಿದ್ದು ಸ್ಥಾನಪಲ್ಲಟ. ನಾಲ್ಕೂ ಆಯಿತು.

ಮಗಳಿಗೆ ಹೇಳಿ ಅಮ್ಮಾ, ಈ ನಾಲ್ಕರಲ್ಲಿ ಎಲೆಕ್ಟ್ರಾನು ಕೈ ಬದಲಾಯಿಸಿದ್ದು ಎಲ್ಲಿ ಅಂತ ಹುಡುಕಲಿ. ಕತ್ತಿಯಲ್ಲಿ ಮಾತ್ರ! ಉಳಿದ ಮೂರರಲ್ಲಿ ಕ್ಯಾಲ್ಸಿಯಂ, ತಾಮ್ರ, ಗಂಧಕ, ಎಲ್ಲ ಇದ್ದ ಲೆಕ್ಕದಲ್ಲೇ ಇವೆ. ಶಾಖದ ಪ್ರಶ್ನೆ ಕೇಳಿದರೆ ಗೂಡು ಅಂತರುಷ್ಣಕ, ಅರಳಿಸುವುದು ಬಹಿರುಷ್ಣಕ. ಮೂರು ಪ್ರಶ್ನೆ ಬೇರೆ ಬೇರೆ ಅಂದೆನಲ್ಲ, ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಗಲಿಕ್ಕಿಲ್ಲ.

ತೋಟದ ಮನೆ

ಅಬ್ಬಾ. ಇಷ್ಟು ವರ್ಷ ಕತ್ತಿಗೆ ತಾಮ್ರದ ಲೇಪ ಹಾಕಿಸಿಕೊಳ್ಳುತ್ತಿದ್ದೆವು ಅನ್ನಿ 😀

ಇನ್ನೊಂದು ಕೇಳಬೇಕು. ಕೆಲವು ಸಲ ಸುಣ್ಣ ಸರಿಯಾಗಿ ಒಂದು ಕೆಜಿ ತೂಗಿ ಹಾಕಿದರೂ ಕತ್ತಿ ಕಂದಾಗುತ್ತದೆ. ಅಂಗಡಿಯವನ ತಕ್ಕಡಿ ಮೋಸವೋ, ಸುಣ್ಣ ಮೋಸವೋ?

ಲ್ಯಾಬ್ ಕೋಟು

ತಕ್ಕಡಿ ಬಗ್ಗೆ ನಾನು ಹೇಳಲಾರೆ. ಸುಣ್ಣದ ಲೆಕ್ಕ ಹೇಳುತ್ತೇನೆ.

ಸಮೀಕರಣದ ಪ್ರಕಾರ ಸುಮಾರು 250 ಗ್ರಾಂ ಮೈಲುತುತ್ತದ ಹರಳಿಗೆ 56 ಗ್ರಾಂ ಸುಟ್ಟ ಸುಣ್ಣ. ಹಾಗಾದರೆ ಒಂದು ಕೆಜಿಗೆ ಸುಮಾರು 225 ಗ್ರಾಂ ಶುದ್ಧ ಸುಟ್ಟ ಸುಣ್ಣ ಸಾಕು. ನೀವು ಹಾಕುವುದು ಅದರ ನಾಲ್ಕು ಪಟ್ಟಿಗಿಂತ ಹೆಚ್ಚು. ಆ ಹೆಚ್ಚುವರಿ ಇರುವುದೇ ದ್ರಾವಣ ಪ್ರತ್ಯಾಮ್ಲೀಯವಾಗಿ ಉಳಿಯಲಿ, ಎಲೆ ಸುಡದಿರಲಿ ಅಂತ. ಅಷ್ಟಾದರೂ ಸಾಲದೆ ಬಂದರೆ ನಿಮ್ಮ ಸುಣ್ಣದಲ್ಲಿ ಸುಣ್ಣವೇ ಕಮ್ಮಿ ಇದೆ ಎಂದರ್ಥ. ಚೀಲ ಬಾಯಿ ಬಿಟ್ಟುಕೊಂಡು ಮೂಲೆಯಲ್ಲಿ ತಿಂಗಳುಗಟ್ಟಲೆ ಕೂತಿದ್ದರೆ ಗಾಳಿಯ ಕಾರ್ಬನ್ ಡೈ ಆಕ್ಸೈಡ್ ಹೀರಿ ಮತ್ತೆ ಕಲ್ಲಿನ ಪುಡಿಯಾಗುತ್ತದೆ.

ಕ್ಯಾಲ್ಸಿಯಂ ಹೈಡ್ರಾಕ್ಸೈಡ್ + ಕಾರ್ಬನ್ ಡೈ ಆಕ್ಸೈಡ್ → ಕ್ಯಾಲ್ಸಿಯಂ ಕಾರ್ಬೊನೇಟ್ + ನೀರು

ಗೋಡೆಗೆ ಸುಣ್ಣ ಬಳಿದ ಎರಡು ಮೂರು ದಿನಕ್ಕೆ ಹೊಳಪು ಬರುವುದು ಇದೇ ಕ್ರಿಯೆಯಿಂದ. ಗೋಡೆಗೆ ಒಳ್ಳೆಯದು, ಚೀಲಕ್ಕೆ ಕೆಟ್ಟದ್ದು. ಸುಣ್ಣದ ಗಟ್ಟಿಯನ್ನೇ ತಂದು ಔಷಧ ಮಾಡುವಾಗ ಅರಳಿಸಿಕೊಳ್ಳಿ. ನೀರು ಹಾಕಿದಾಗ ಬುಸ್ಸೆಂದು ಬಿಸಿಯಾಗಿ ಅರಳಿದರೆ ತಾಜಾ. ಬಿಸಿಯಾಗದೆ ಸುಮ್ಮನೆ ಕೂತರೆ ಕಾಸು ದಂಡ.

ಇತಿಹಾಸದ ಹುಚ್ಚು

ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ, ಆದರೂ ಹೇಳಿಬಿಡುತ್ತೇನೆ. ಫ್ರಾನ್ಸಿನ ಬೋರ್ಡೋ ಕಡೆ ದ್ರಾಕ್ಷಿತೋಟದವರು ದಾರಿ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರಂತೆ, ದಾರಿಹೋಕರು ಹಣ್ಣು ಕೀಳದಿರಲಿ ಎಂದು. ಆ ಬಳ್ಳಿಗಳಿಗೆ ಮಾತ್ರ ಬೂಜುರೋಗ ಬರದಿದ್ದನ್ನು ಸಸ್ಯವಿಜ್ಞಾನಿ ಮಿಯಾರ್ಡೆ ಗಮನಿಸಿದರು. ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಕಳ್ಳರಿಗಾಗಿ ಮಾಡಿದ್ದು ರೋಗಕ್ಕೆ ಔಷಧವಾಯಿತು.

ನಮ್ಮ ಕಡೆಗೆ ತಂದವರು ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ಅಡಿಕೆಯ ಕೊಳೆರೋಗದ ಬಗ್ಗೆ ಅವರು ಬರೆದದ್ದು 1910ರಲ್ಲಿ ಪ್ರಕಟವಾಯಿತು. ಅದಕ್ಕೆ ಮುಂಚೆ ಮಳೆ ತಾಗದಂತೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟುವುದೇ ಮುಖ್ಯ ಉಪಾಯ. ಮಳೆಗೆ ತೊಳೆದುಹೋಗದಿರಲಿ ಎಂದು ದ್ರಾವಣಕ್ಕೆ ರಾಳದ ಅಂಟು ಸೇರಿಸುವುದೂ ಆ ಕಾಲದಿಂದಲೇ ಬಂದಿದೆ.

ಟ್ಯೂಷನ್ ಅಣ್ಣ

ಎಲ್ಲ ಸರಿ, ಓದೋಕೂ ಚೆನ್ನಾಗಿದೆ. ಆದರೆ ಒಂದು ಮಾತು. ಮೂರು ಗಂಟೆ ಪರೀಕ್ಷೆಯಲ್ಲಿ ಕೂತ ಮಗುವಿಗೆ ಎಲೆಕ್ಟ್ರಾನು, ಬೋರ್ಡೋ, ಫ್ರಾನ್ಸು ಎಲ್ಲ ತುಂಬಿದರೆ ಬರೆಯಬೇಕಾದ್ದನ್ನೂ ಮರೆಯುತ್ತದೆ. ನನ್ನ ಹತ್ತಿರ ಬರುವವರಲ್ಲಿ ಅರ್ಧ ಜನ ಸಮೀಕರಣ ಸರಿದೂಗಿಸುವುದರಲ್ಲೇ ಎಡವುತ್ತಾರೆ. ಮೊದಲು ನಾಲ್ಕು ಮಾದರಿ ಬಾಯಿಪಾಠ ಆಗಲಿ.

ನಿವೃತ್ತ ಮೇಷ್ಟ್ರು

ಬಾಯಿಪಾಠ ಬೇಡ ಎಂದು ನಾನು ಹೇಳುವುದಿಲ್ಲ. ಮಗ್ಗಿ ಬಾಯಿಪಾಠ ಮಾಡಿಯೇ ನಾವೆಲ್ಲ ಲೆಕ್ಕ ಕಲಿತದ್ದು. ಆದರೆ ನಾಲ್ಕು ಮಾದರಿ ಕಂಠಪಾಠವಾದ ಹುಡುಗನಿಗೆ ಬೇರೆ ಒಂದು ಸಮೀಕರಣ ಕೊಡಿ. ಸತು + ಬೆಳ್ಳಿಯ ನೈಟ್ರೇಟ್. ಸ್ಥಾನಪಲ್ಲಟ ಎನ್ನುತ್ತಾನೆ, ಸರಿ. ಈಗ ತಾಮ್ರ + ಸತುವಿನ ಸಲ್ಫೇಟ್ ಕೊಡಿ. ಅದಕ್ಕೂ ಸ್ಥಾನಪಲ್ಲಟ ಎಂದು ಬರೆದು ಉತ್ಪನ್ನವನ್ನೂ ಬರೆಯುತ್ತಾನೆ. ಅಲ್ಲಿ ಏನೂ ನಡೆಯುವುದಿಲ್ಲ! ಮಾದರಿ ಹೊಂದಿತು, ಕ್ರಿಯೆ ಇಲ್ಲ. ಎಲೆಕ್ಟ್ರಾನು ಯಾರು ಕೊಡುತ್ತಾರೆ ಎಂದು ಕೇಳುವ ಅಭ್ಯಾಸ ಇದ್ದವನು ಅಲ್ಲಿ ನಿಲ್ಲುತ್ತಾನೆ.

ದ್ವಿಸ್ಥಾನಪಲ್ಲಟದಲ್ಲೂ ಹಾಗೇ. ಅಡಿಗೆ ಉಪ್ಪಿನ ನೀರು, ಪೊಟ್ಯಾಸಿಯಂ ನೈಟ್ರೇಟಿನ ನೀರು ಬೆರೆಸಿದರೆ ಕಾಗದದ ಮೇಲೆ ಜೊತೆ ಬದಲಾಯಿಸಬಹುದು. ಪ್ರನಾಳದಲ್ಲಿ ಎಲ್ಲ ಅಯಾನುಗಳೂ ನೀರಲ್ಲಿ ಸುಮ್ಮನೆ ಈಜುತ್ತಿರುತ್ತವೆ. ಪ್ರಕ್ಷೇಪ ಬೀಳಬೇಕು, ಅನಿಲ ಹೊರಡಬೇಕು, ಅಥವಾ ನೀರು ಉಂಟಾಗಬೇಕು. ಆಗ ಕ್ರಿಯೆ ನಡೆಯಿತು ಎನ್ನಬಹುದು. ಬೇರಿಯಂ ಕ್ಲೋರೈಡಿಗೆ ಸೋಡಿಯಂ ಸಲ್ಫೇಟ್ ಹಾಕಿದಾಗ ಬಿಳಿ ಪ್ರಕ್ಷೇಪ ಬೀಳುತ್ತದಲ್ಲ, ಆ ಬೇರಿಯಂ ಸಲ್ಫೇಟ್ ಕರಗದೆ ಕೂರುವುದೇ ಅಲ್ಲಿನ ವಿಶೇಷ.

ಕರಾವಳಿ ಹುಡುಗಿ

ನಮ್ಮ ಕಡೆ ಸುಣ್ಣದ ಕಲ್ಲಲ್ಲ, ಕಪ್ಪೆಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು. ಎರಡೂ ಕ್ಯಾಲ್ಸಿಯಂ ಕಾರ್ಬೊನೇಟೇ ಅಲ್ವಾ, ಹಾಗಾಗಿ ಸಮೀಕರಣ ಬದಲಾಗೋಲ್ಲ.

ನನ್ನ ಪ್ರಶ್ನೆ ಬೇರೆ. ಆರತಿಗೆ ಅರಿಸಿನದ ನೀರಿಗೆ ಚೂರು ಸುಣ್ಣ ಹಾಕಿದರೆ ರಕ್ತಗೆಂಪು ಆಗುತ್ತದೆ. ಅದು ಯಾವ ವಿಧ? ಯಾವುದೂ ಹೊಂದುತ್ತಿಲ್ಲ.

ಪಿಯು ಸೈನ್ಸ್

ಸಂಯೋಗ? ಎರಡು ಸೇರಿ ಒಂದಾಯಿತು.

ಲ್ಯಾಬ್ ಕೋಟು

ಅಲ್ಲ ತಮ್ಮಾ. ಅರಿಸಿನದ ಬಣ್ಣ ಕೊಡುವುದು ಕರ್ಕ್ಯುಮಿನ್. ಸುಣ್ಣ ಪ್ರತ್ಯಾಮ್ಲ. ಅದು ಕರ್ಕ್ಯುಮಿನ್‌ನಿಂದ ಹೈಡ್ರೋಜನ್ ಅಯಾನು, ಅಂದರೆ ಪ್ರೋಟಾನು, ಕಿತ್ತುಕೊಳ್ಳುತ್ತದೆ. ಪ್ರೋಟಾನು ಹೋದ ಕರ್ಕ್ಯುಮಿನ್ ಬೆಳಕನ್ನು ಹೀರುವ ರೀತಿಯೇ ಬೇರೆ, ಅದಕ್ಕೇ ಕೆಂಪು. ಆ ನೀರಿಗೆ ನಿಂಬೆಹಣ್ಣು ಹಿಂಡುತ್ತಾ ಹೋಗಿ, ಮತ್ತೆ ಹಳದಿ. ಬಿಳಿ ಬಟ್ಟೆಯ ಮೇಲಿನ ಸಾರಿನ ಕಲೆಗೆ ಸೋಪು ತಾಗಿದಾಗ ಕೆಂಪಾಗುವುದೂ ಇದೇ.

ಇದು ಆಮ್ಲ-ಪ್ರತ್ಯಾಮ್ಲ ಕ್ರಿಯೆ. ಕೈ ಬದಲಾಯಿಸಿದ್ದು ಎಲೆಕ್ಟ್ರಾನಲ್ಲ, ಪ್ರೋಟಾನು. ಪುಸ್ತಕದ ನಾಲ್ಕು ವಿಧದಲ್ಲಿ ಇದಕ್ಕೆ ಜಾಗ ಇಲ್ಲ. ತಟಸ್ಥೀಕರಣವನ್ನು, ಅಂದರೆ ಆಮ್ಲ, ಪ್ರತ್ಯಾಮ್ಲ ಒಂದನ್ನೊಂದು ತಣಿಸುವುದನ್ನು, ದ್ವಿಸ್ಥಾನಪಲ್ಲಟದ ಒಳಗೆ ತುರುಕುವ ರೂಢಿ ಇದೆ. ಹೈಡ್ರೋಕ್ಲೋರಿಕ್ ಆಮ್ಲಕ್ಕೂ ಸೋಡಿಯಂ ಹೈಡ್ರಾಕ್ಸೈಡಿಗೂ ಅದು ನಡೆಯುತ್ತದೆ. ಅಮೋನಿಯಾ ಅನಿಲಕ್ಕೆ ಹೈಡ್ರೋಜನ್ ಕ್ಲೋರೈಡ್ ಅನಿಲ ಸೇರಿ ಬಿಳಿ ಹೊಗೆ ಏಳುವುದು ನೋಡಿದ್ದೀರಾ? ಅದೂ ಆಮ್ಲ-ಪ್ರತ್ಯಾಮ್ಲವೇ. ಆದರೆ ಉತ್ಪನ್ನ ಒಂದೇ, ಅಮೋನಿಯಂ ಕ್ಲೋರೈಡ್. ಆಗ ಸಂಯೋಗ ಎನ್ನಬೇಕಾಗುತ್ತದೆ. ನಾಲ್ಕು ವಿಧ ಕಲಿಯುವವರ ಅನುಕೂಲಕ್ಕೆ ಮಾಡಿದ್ದು. ಎಲ್ಲ ಕ್ರಿಯೆಗಳೂ ಅದರೊಳಗೆ ಕೂರಬೇಕು ಅಂತೇನಿಲ್ಲ.

ಹತ್ತನೇ ಕ್ಲಾಸಿನ ಅಮ್ಮ

ಮಗಳು ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ. ಅವಳ ಪ್ರಶ್ನೆ: ಸಂಯೋಗ ಎಲ್ಲ ಬಹಿರುಷ್ಣಕ, ವಿಭಜನೆ ಎಲ್ಲ ಅಂತರುಷ್ಣಕ ಅಂತ ನೆನಪಿಟ್ಟುಕೊಳ್ಳಬಹುದಾ? ಕ್ಲಾಸಿನಲ್ಲಿ ಹಾಗೇ ಹೇಳಿದ್ದಾರಂತೆ.

ನಿವೃತ್ತ ಮೇಷ್ಟ್ರು

ಬಹುಪಾಲು ಹೌದು ಮಗಳೇ, ಎಲ್ಲವೂ ಅಲ್ಲ. ಪುಸ್ತಕದ ವಿಭಜನೆಯ ಉದಾಹರಣೆಗಳಿಗೆಲ್ಲ ಹೊರಗಿನಿಂದ ಏನಾದರೂ ಕೊಡಬೇಕು. ಸುಣ್ಣದ ಕಲ್ಲಿಗೆ ಶಾಖ, ಬೆಳ್ಳಿಯ ಕ್ಲೋರೈಡಿಗೆ ಬಿಸಿಲು, ನೀರಿಗೆ ವಿದ್ಯುತ್. ಅದನ್ನು ನೋಡಿ ಹಾಗೆ ಅನಿಸುತ್ತದೆ. ಆದರೆ ಗಾಯಕ್ಕೆ ಹಾಕುವ ಹೈಡ್ರೋಜನ್ ಪೆರಾಕ್ಸೈಡ್ ಇದೆಯಲ್ಲ, ಅದು ಒಡೆದು ನೀರು, ಆಕ್ಸಿಜನ್ ಆಗುವಾಗ ಶಾಖ ಹೊರಗೇ ಬರುತ್ತದೆ. ಹಸಿ ಆಲೂಗಡ್ಡೆ ತುಂಡು ಹಾಕಿದರೆ ಬುರುಗು ಏಳುವುದು ನೋಡಬಹುದು.

ಇನ್ನೊಂದು ಕಡೆಯಿಂದ, ಮಿಂಚು ಹೊಡೆದಾಗ ಗಾಳಿಯ ನೈಟ್ರೋಜನ್ ಮತ್ತು ಆಕ್ಸಿಜನ್ ಸೇರಿ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಸಂಯೋಗವೇ. ಆದರೆ ಅಂತರುಷ್ಣಕ. ಅದಕ್ಕೇ ಮಿಂಚಿನ ಬಿಸಿ ಬೇಕು.

ತಟಸ್ಥೀಕರಣದಲ್ಲೂ ಹೀಗೆ ಒಂದು ಚೇಷ್ಟೆ ಇದೆ. ಆಮ್ಲ, ಪ್ರತ್ಯಾಮ್ಲ ಬೆರೆತರೆ ಬಿಸಿಯಾಗುತ್ತದೆ ಎಂದು ಕಲಿಸುತ್ತೇವೆ. ಸಿಟ್ರಿಕ್ ಆಸಿಡ್ ಕರಗಿಸಿದ ನೀರಿಗೆ ಅಡಿಗೆ ಸೋಡಾ ಹಾಕಿ ಲೋಟ ಮುಟ್ಟಿ ನೋಡಿ. ಬುಸಬುಸ ನೊರೆ ಬರುತ್ತದೆ, ಲೋಟ ತಣ್ಣಗಾಗುತ್ತದೆ. ಅಲ್ಲಿ ಮೊದಲು ಕಾರ್ಬೊನಿಕ್ ಆಮ್ಲ ಉಂಟಾಗಿ, ಅದು ನಿಲ್ಲಲಾರದೆ ನೀರು, ಕಾರ್ಬನ್ ಡೈ ಆಕ್ಸೈಡ್ ಆಗಿ ಒಡೆಯುತ್ತದೆ. ಅದಲುಬದಲು ಮೊದಲು, ವಿಭಜನೆ ಹಿಂದೆಯೇ.

ತೋಟದ ಮನೆ

ಗೊಬ್ಬರಗುಂಡಿ ಒಳಗೆ ಕೈ ಹಾಕಿದರೆ ಬೆಚ್ಚಗಿರುತ್ತದೆ. ಅದು ವಿಭಜನೆಯಾ ಮೇಷ್ಟ್ರೇ?

ನಿವೃತ್ತ ಮೇಷ್ಟ್ರು

ಅಲ್ಲ. ಸೂಕ್ಷ್ಮಜೀವಿಗಳು ಸೊಪ್ಪು, ಸಗಣಿ ತಿಂದು ಉಸಿರಾಡುತ್ತಿರುತ್ತವೆ. ಆಕ್ಸಿಜನ್ ಒಳಗೆ ಹೋಗುತ್ತದೆ, ಕಾರ್ಬನ್ ಡೈ ಆಕ್ಸೈಡ್ ಹೊರಗೆ ಬರುತ್ತದೆ. ಇದು ರೆಡಾಕ್ಸ್, ಬಹಿರುಷ್ಣಕ. ಪಠ್ಯದಲ್ಲೂ ಇದು ಬಹಿರುಷ್ಣಕಕ್ಕೆ ಉದಾಹರಣೆಯಾಗಿಯೇ ಇದೆ. ನಮ್ಮ ಉಸಿರಾಟವೂ ಅದೇ ಗುಂಪು.

ಅಡಿಗೆಮನೆ ಲ್ಯಾಬ್

ಮನೆಯಲ್ಲಿ ಮಾಡಿ ನೋಡುವವರಿಗೆ ಒಂದು ಎಚ್ಚರಿಕೆ. ಅರಿಸಿನ, ಸೋಡಾ, ಪೆರಾಕ್ಸೈಡ್ ಪರವಾಗಿಲ್ಲ.

ಸುಟ್ಟ ಸುಣ್ಣದ ಗಟ್ಟಿಯನ್ನು ಮಕ್ಕಳ ಕೈಗೆ ಕೊಡಬೇಡಿ. ಒಂದು ಕೆಜಿ ಶುದ್ಧ ಸುಟ್ಟ ಸುಣ್ಣ ಅರಳುವಾಗ ಬರುವ ಶಾಖಕ್ಕೆ ಮೂರು ಲೀಟರ್ ತಣ್ಣೀರು ಕುದಿಯುತ್ತದೆ. ಸಿಡಿದು ಕಣ್ಣಿಗೆ ಬಿದ್ದರೆ ಸುಡುವುದು ಮಾತ್ರವಲ್ಲ, ಪ್ರತ್ಯಾಮ್ಲ ಕಣ್ಣಿನ ಪಾಪೆಯನ್ನು ಕೊರೆಯುತ್ತದೆ. ಬಿದ್ದರೆ ಉಜ್ಜದೆ ಧಾರಾಳ ನೀರಲ್ಲಿ ತೊಳೆಯುತ್ತಾ ಆಸ್ಪತ್ರೆಗೆ ಓಡಬೇಕು. ಸೀಸದ ನೈಟ್ರೇಟ್ ಕಾಯಿಸುವ ಪ್ರಯೋಗದ ಕಂದು ಹೊಗೆಯೂ ವಿಷ, ಸೀಸವೂ ವಿಷ. ಅದನ್ನು ಶಾಲೆಯಲ್ಲಿ ಮೇಷ್ಟ್ರ ಎದುರೇ ನೋಡಲಿ.

ಗಣಿ ಊರಿನವ

ಕತ್ತಿ ಪರೀಕ್ಷೆ ಓದಿ ನೆನಪಾಯಿತು. ಚಿನ್ನ ತೆಗೆಯುವುದರಲ್ಲೂ ಸ್ಥಾನಪಲ್ಲಟ ಇದೆ. ಅದಿರಿನ ಪುಡಿಯಿಂದ ಚಿನ್ನವನ್ನು ಸಯನೈಡ್ ನೀರಿಗೆ ಇಳಿಸಿ, ಆಮೇಲೆ ಸತುವಿನ ಪುಡಿ ಹಾಕುವ ವಿಧಾನ ಇದೆ. ಸತು ಒಳಗೆ ಹೋಗುತ್ತದೆ, ಚಿನ್ನ ಹೊರಗೆ ಬೀಳುತ್ತದೆ. ಕೆಜಿಎಫ್‌ನಲ್ಲಿ ಈಗಲೂ ನಿಂತಿರುವ ಸಯನೈಡ್ ದಿಬ್ಬಗಳು ಚಿನ್ನ ತೆಗೆದು ಬಿಟ್ಟ ಪುಡಿಯವು.

ಪಿಯು ಸೈನ್ಸ್

ನನ್ನದೊಂದು ಉಳಿದಿದೆ. ಮ್ಯಾಂಗನೀಸ್ ಡೈ ಆಕ್ಸೈಡ್ + ಹೈಡ್ರೋಕ್ಲೋರಿಕ್ ಆಮ್ಲ → ಮ್ಯಾಂಗನೀಸ್ ಕ್ಲೋರೈಡ್ + ನೀರು + ಕ್ಲೋರಿನ್. ಹತ್ತನೇ ಪುಸ್ತಕದಲ್ಲೇ ಇದೆ. ಮೊದಲ ಪ್ರಶ್ನೆಗೆ ಇದರ ಉತ್ತರ ಏನು? ಸಂಯೋಗ ಅಲ್ಲ, ವಿಭಜನೆ ಅಲ್ಲ. ಅದಲುಬದಲಾ ಅಂದರೆ ಕ್ಲೋರಿನ್ ಒಂಟಿಯಾಗಿ ಹೊರಗೆ ಬಂದಿದೆ.

ಲ್ಯಾಬ್ ಕೋಟು

ಸರಿಯಾಗಿ ಹಿಡಿದೆ. ಮೊದಲ ಪ್ರಶ್ನೆಗೆ ಇದಕ್ಕೆ ಉತ್ತರವೇ ಇಲ್ಲ. ಮೂರನೆಯದಕ್ಕೆ ಮಾತ್ರ ಇದೆ. ಮ್ಯಾಂಗನೀಸ್ ನಾಲ್ಕರಿಂದ ಎರಡಕ್ಕೆ ಇಳಿಯಿತು, ಅಪಕರ್ಷಣ. ಕ್ಲೋರಿನ್ ಎಲೆಕ್ಟ್ರಾನು ಬಿಟ್ಟು ಒಂಟಿಯಾಯಿತು, ಉತ್ಕರ್ಷಣ. ತಮಾಷೆ ಏನೆಂದರೆ ನಾಲ್ಕು ಆಮ್ಲದ ಅಣುಗಳಲ್ಲಿ ಎರಡರ ಕ್ಲೋರಿನ್ ಮಾತ್ರ ಎಲೆಕ್ಟ್ರಾನು ಬಿಡುತ್ತದೆ. ಉಳಿದೆರಡು ಇದ್ದ ಹಾಗೇ ಮ್ಯಾಂಗನೀಸ್ ಜೊತೆ ಹೋಗುತ್ತವೆ. ಪರೀಕ್ಷೆಯಲ್ಲಿ ಇದನ್ನು ಕೊಟ್ಟರೆ ಯಾವುದು ಉತ್ಕರ್ಷಣ ಹೊಂದಿತು, ಯಾವುದು ಅಪಕರ್ಷಣ ಹೊಂದಿತು ಎಂದೇ ಕೇಳುತ್ತಾರೆ.

ತೋಟದ ಮನೆ

ಒಂದು ಕೊನೇ ಪ್ರಶ್ನೆ, ಬಯ್ಯಬೇಡಿ. ಪ್ಲಾಸ್ಟಿಕ್ ಡ್ರಮ್ ಒಡೆದಿದೆ. ಮನೆಯಲ್ಲಿ ಮದುವೆ ಅಡಿಗೆಯ ದೊಡ್ಡ ಅಲ್ಯೂಮಿನಿಯಂ ಕೊಳಗ ಇದೆ. ಮೈಲುತುತ್ತ ಅದರಲ್ಲಿ ಕರಗಿಸಬಹುದಾ? ಪಂಪಿನ ನಾಜಲ್ ಹಿತ್ತಾಳೆಯದು, ಅದಕ್ಕೇನೂ ಆಗಿಲ್ಲ.

ಲ್ಯಾಬ್ ಕೋಟು

ಬೇಡವೇ ಬೇಡ ಅಣ್ಣ. ಕ್ರಿಯಾಶೀಲತೆಯಲ್ಲಿ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಮೇಲಿದೆ. ಮೇಲಿನ ಆಕ್ಸೈಡ್ ಪೊರೆ ಸ್ವಲ್ಪ ಹೊತ್ತು ತಡೆಯಬಹುದು, ಅದು ಕಿತ್ತುಹೋದ ಕಡೆ ತಾಮ್ರ ಕೂರುತ್ತದೆ, ಕೊಳಗ ತೂತಾಗುತ್ತದೆ. ಸುಣ್ಣದ ನೀರೂ ಅಲ್ಯೂಮಿನಿಯಂ ತಿನ್ನುತ್ತದೆ. ಕಬ್ಬಿಣದ ಡ್ರಮ್, ತಗಡಿನ ಡಬ್ಬವೂ ಬೇಡ. ಮಣ್ಣಿನ ಬಾನಿ, ಮರದ ತೊಟ್ಟಿ, ಸಿಮೆಂಟ್ ತೊಟ್ಟಿ ನಡೆಯುತ್ತದೆ. ಹಿತ್ತಾಳೆ ನಾಜಲ್ ಪರವಾಗಿಲ್ಲ, ಅದರೊಳಗೆ ಹೋಗುವುದು ಸುಣ್ಣ ಬೆರೆತ ದ್ರಾವಣ, ಬಿಡಿ ತಾಮ್ರ ಇರುವುದಿಲ್ಲ. ಕೆಲಸ ಆದಮೇಲೆ ನೀರು ಹಾಯಿಸಿ ತೊಳೆಯಿರಿ. ಕಲಸಿದ ಔಷಧವನ್ನು ನಾಳೆಗೆ ಅಂತ ಇಡಬೇಡಿ, ಪ್ರಕ್ಷೇಪ ಗಟ್ಟಿಯಾಗಿ ತಳಕ್ಕಿಳಿದರೆ ಅಂಟುವ ಗುಣ ಹೋಗುತ್ತದೆ.

ಹತ್ತನೇ ಕ್ಲಾಸಿನ ಅಮ್ಮ

ಅಣ್ಣಾ, ಕೊಳಗ ಮದುವೆಗೇ ಇರಲಿ 😀 ಮೇಷ್ಟ್ರೇ, ಇವಳು ಪುಸ್ತಕದ ಸಮೀಕರಣಗಳಿಗೆಲ್ಲ ಮೂರು ಪ್ರಶ್ನೆ ಹಾಕಿ ಪಟ್ಟಿ ಮಾಡುತ್ತಿದ್ದಾಳೆ. ಬೆಳ್ಳಿಯ ಕ್ಲೋರೈಡ್ ಹತ್ತಿರ ನಿಂತಿದ್ದಾಳೆ. ಬಿಸಿಲಿಗೆ ಬೂದು ಆಗುವುದಕ್ಕೆ ಬೇಕಾಗಿದ್ದು ಬೆಳಕು, ಶಾಖ ಅಲ್ಲ. ಅದಕ್ಕೂ ಅಂತರುಷ್ಣಕ ಅಂತಲೇ ಬರೆಯಬೇಕಾ?

ನಿವೃತ್ತ ಮೇಷ್ಟ್ರು

ಬರೆಯಬಹುದು. ಬೆಳಕಾಗಲಿ ಶಾಖವಾಗಲಿ, ಶಕ್ತಿ ಒಳಗೆ ಹೋಯಿತು, ಪಠ್ಯವೂ ಹಾಗೇ ಎಣಿಸುತ್ತದೆ. ಪಕ್ಕದಲ್ಲಿ ದ್ಯುತಿ ವಿಭಜನೆ ಎಂದೂ ಬರೆಯಲಿ. ಮೂರನೇ ಪ್ರಶ್ನೆ ಬಿಡುವುದು ಬೇಡ. ಬೆಳ್ಳಿಯೂ ಒಂಟಿಯಾಗಿದೆ, ಕ್ಲೋರಿನ್ನೂ ಒಂಟಿಯಾಗಿದೆ.